ಐದು ವರ್ಷದ ಹುಡುಗಿ, ಒಂದು ಮಾತೂ ಇಲ್ಲ, ಇನ್ನ ಕಲೀತಾಳೇನ್ರಿ?

ಕೋಥರೂಡ ಅಕ್ಕ, ಪುಣೆ:
ನಾ ವಾರಕ್ಕ ಎರಡು ದಿನ ಇಲ್ಲಿ ಒಂದು ಬಾಲಗೃಹಕ್ಕ ಹೋಗ್ತೀನ್ರಿ, ಮಕ್ಕಳ ಜೋಡಿ ಆಡ್ಲಿಕ್ಕೆ. ದೀಪಾವಳಿ ಮುಂದ ಒಬ್ಬ ಹುಡುಗಿ ಬಂದಾಳ, ಹುಟ್ಟಿದಾಗಿಂದ ಒಂದು ಖೋಲಿಯೊಳಗ ಕೂಡಿ ಹಾಕಿದ್ರಂತ, ಯಾರೂ ಮಾತಾಡಿಸಿಲ್ಲಂತ. ಕೂತಲ್ಲೇ ತೂಗಾಡ್ತಾಳ, ಅರ್ಧ ಚಪಾತಿ ತಿಂದು ಅರ್ಧ ದಿಂಬಿನ ಕೆಳಗ ಮುಚ್ಚಿಡ್ತಾಳ, ಹೆಸರು ಹಿಡಿದು ಕರದ್ರ ತಿರುಗಂಗಿಲ್ಲ, ಆದ್ರ ಬಿಸ್ಕೀಟ್ ಪುಡಿಕಿ ಹರದ ಸಪ್ಪಳಾದ್ರ ಸಾಕು ಎಲ್ಲಿದ್ರೂ ಓಡಿ ಬರ್ತಾಳ. ಯೂಟ್ಯೂಬಿನಾಗ ಜೀನಿ ಅನ್ನೋ, ಹಿಂಗ ಖೋಲಿಯೊಳಗ ಕೂಡಿ ಹಾಕಿದ್ದ ಅಮೆರಿಕಾದ ಹುಡುಗಿ ಬಗ್ಗೆ ನೋಡಿದಾಗಿಂದ ನಿದ್ದಿ ಇಲ್ಲ. ಇಕಿಗೂ ಹಂಗ ಆಗ್ತದೇನು?

ಡೊಂಬಿವಲಿ ವಾಸಿ:
ಅಕ್ಕಾ, ಜೀನಿ ಸಿಕ್ಕಿದ್ದು 1970ರಲ್ಲಿ, ಲಾಸ್ ಏಂಜಲೀಸ್ ಹತ್ರ, ಅವಳಿಗಾಗ್ಲೇ 13 ವರ್ಷ. ಶಬ್ದಗಳು ಬಂದ್ವು, ಆದ್ರೆ ಸರಿಯಾಗಿ ವಾಕ್ಯ ಕಟ್ಟೋದು ಕೊನೆವರೆಗೂ ಬರ್ಲಿಲ್ಲ. ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ, ಸಂಶೋಧನೆಯ ದುಡ್ಡು ನಿಂತ ಮೇಲೆ ಅವಳನ್ನ ಮನೆಯಿಂದ ಮನೆಗೆ ಸಾಗಿಸಿದ್ರು, ಒಂದು ಮನೇಲಿ ವಾಂತಿ ಮಾಡ್ಕೊಂಡಳು ಅಂತ ಶಿಕ್ಷೆ ಕೊಟ್ಟಿದ್ದಕ್ಕೆ ಹೆದರಿ ಬಾಯಿ ತೆರೆಯೋದನ್ನೇ ಬಿಟ್ಲು. ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಐದು ವರ್ಷ ಬೇರೆ, ಹದಿಮೂರು ಬೇರೆ. ಮತ್ತೆ ತೋಳ ಸಾಕಿದ ಕಮಲಾ-ಅಮಲಾ ಕಥೆ ಯಾರಾದ್ರೂ ಹೇಳಿದ್ರೆ ಬಿಟ್ಹಾಕಿ, ಅದಕ್ಕೆ ಅವರನ್ನ ತಂದು ಸಾಕಿದೆ ಅಂದ ಮಿಡ್ನಾಪುರದ ಪಾದ್ರಿ ಮಾತು ಬಿಟ್ರೆ ಗಟ್ಟಿ ಸಾಕ್ಷಿ ಇಲ್ಲ.

ಮಡಗಾಂವ್ ಸ್ಪೀಚ್ ಥೆರಪಿಸ್ಟ್:
ಬಿಸ್ಕೀಟ್ ಸಪ್ಪಳ ಅಂದ ಕೂಡ್ಲೇ ವಿಕ್ಟರ್ ನೆನಪಾದ. 1800ರಲ್ಲಿ ಫ್ರಾನ್ಸಿನ ಅವೆರಾನ್ ಕಾಡಿಂದ ಬಂದ ಹುಡುಗ, ಪಿಸ್ತೂಲು ಹಾರಿಸಿದ್ರೂ ತಿರುಗ್ತಿರ್ಲಿಲ್ಲ, ಅಕ್ರೋಟ್ ಒಡೆದ್ರೆ ತಕ್ಷಣ ತಿರುಗ್ತಿದ್ದ. ಕಿವಿ ಕೇಳ್ತಿತ್ತು, ಮನುಷ್ಯರ ಮಾತಿಂದ ಅವನಿಗೆ ಏನೂ ಸಿಕ್ಕಿರ್ಲಿಲ್ಲ ಅಷ್ಟೇ. ಆದ್ರೂ ಊಹೆ ಬೇಡ, ಮೊದಲು ಬೇರಾ ಟೆಸ್ಟ್ ಮಾಡಿಸಿ, ಅಂದ್ರೆ ಶಬ್ದ ಕಿವಿಯಿಂದ ಮಿದುಳಿಗೆ ಮುಟ್ಟುತ್ತಾ ಅಂತ ನೋಡೋ ಪರೀಕ್ಷೆ.

ಸುಳ್ಳು ಧೈರ್ಯ ಹೇಳಲ್ಲ ನಾನು. ರೊಮೇನಿಯಾದ ಬುಖಾರೆಸ್ಟಿನಲ್ಲಿ 2000ದಿಂದ ಅನಾಥಾಲಯದ 136 ಮಕ್ಕಳನ್ನ ಗಮನಿಸ್ತಾ ಬಂದ್ರು, ಎರಡು ವರ್ಷ ತುಂಬೋ ಮೊದಲೇ ಸಾಕು ಮನೆಗೆ ಹೋದವರು ಎಲ್ಲರಿಗಿಂತ ಚೆನ್ನಾಗಿ ಚೇತರಿಸ್ಕೊಂಡ್ರು. ಇವಳಿಗೆ ಆ ಕಾಲ ದಾಟಿದೆ, ಸ್ವಲ್ಪ ಕೊರತೆ ಉಳೀಬಹುದು. ಆದ್ರೆ ದಿನಾ ಒಬ್ಬರೇ ಮಾವಶಿ (ಆಯಾ) ಊಟ, ಸ್ನಾನ ನೋಡ್ಕೊಳ್ಳಲಿ, ಮುಖ ಬದಲಾಗ್ತಾ ಇರಬಾರ್ದು, ಅಲ್ಲಿ ಆಡೋ ಮರಾಠಿಲೇ ಮಾತಾಡಿಸಲಿ, ನೀರು ಕೊಡೋವಾಗ ‘ಪಾಣಿ’ ಅಂತ ಪ್ರತಿ ಸಲ ಹೇಳಿ ಕೊಡ್ಲಿ. ಚಪಾತಿ ಕಸ್ಕೋಬೇಡಿ, ಅವಳದ್ದೇ ಒಂದು ಡಬ್ಬಿ ಕೊಡಿ. ಸಾಕು ಮನೆ ಸಿಗುತ್ತಾ ಅಂತ ಬಾಲ ಕಲ್ಯಾಣ ಸಮಿತಿನ ಕೇಳೋಕೆ ಹೇಳಿ, ಬೇಗ.

ಕೋಥರೂಡ ಅಕ್ಕ:
ಸ್ಟೀಲ್ ಡಬ್ಬಿ ಕೊಟ್ವಿ. ಮುಚ್ಚಳಾ ತಗದು ನೋಡ್ತಾಳ, ಮುಚ್ತಾಳ, ಮತ್ತ ತಗೀತಾಳ, ಒಂದು ತಾಸು ಇದೇ ನಡದಿತ್ತು. ಬೇರಾ ಟೆಸ್ಟ್ ಸೋಮವಾರ ಅದ.