ಮಾಡೆಲ್ ಟಿ, 1965ರ ಮಸ್ಟಾಂಗ್: ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ಫೋರ್ಡಿನ ಈ ಎರಡು ಹಳೆಯ ಕಾರುಗಳಲ್ಲಿ ಯಾವುದರ ಬ್ರೇಕ್ ನಂಬಬಹುದು?

ಉತ್ತರ 1: ಮಾಡೆಲ್ ಟಿಯಲ್ಲಿ ಮೂರು ಪೆಡಲ್, ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಅದು ಹಿಡಿಯುವುದು ಚಕ್ರವನ್ನಲ್ಲ, ಗೇರ್‌ಬಾಕ್ಸಿನೊಳಗಿನ ಡ್ರಮ್ಮನ್ನು. ಹಿಂದಿನ ಆಕ್ಸಲ್‌ನ ಗೇರ್‌ಗಳನ್ನು ಜಾಗದಲ್ಲಿ ಹಿಡಿದಿಡುವ ಥ್ರಸ್ಟ್ ವಾಷರ್ ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ್ದು. ಅದು ಪುಡಿಯಾದರೆ ಆ ಗೇರ್‌ಗಳ ಹಲ್ಲುಗಳು ಕಚ್ಚುವುದೇ ಇಲ್ಲ, ಗೇರ್‌ಬಾಕ್ಸಿಗೂ ಚಕ್ರಕ್ಕೂ ಕೊಂಡಿ ತಪ್ಪಿ, ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಆಕ್ಸಲ್ ಬಿಚ್ಚಿಸಿ ಕಂಚಿನ ವಾಷರ್ ಹಾಕಿಸದೆ ರಸ್ತೆಗಿಳಿಸಲೇಬೇಡಿ.

ಪ್ರಶ್ನೆ ಕೇಳಿದವರು: ಕೈಬ್ರೇಕ್ ಇದೆಯಲ್ಲ?

ಉತ್ತರ 1: ಅದು ನಿಂತ ಗಾಡಿ ಹಿಡಿಯಲಷ್ಟೇ.

ಉತ್ತರ 2: ಮಸ್ಟಾಂಗ್ ಎಷ್ಟೋ ವಾಸಿ. ಆದರೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ 1966ರವರೆಗೆ ಒಂದೇ ಕೋಣೆ. ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಬಂದ ಜೋಡಿ ಕೋಣೆಯದ್ದನ್ನು ಕೂರಿಸಿ. ಮುಂದಿನ ಚಕ್ರಗಳಿಗೆ ಡ್ರಮ್ ಬ್ರೇಕೋ ಡಿಸ್ಕ್ ಬ್ರೇಕೋ ನೋಡಿ, ಅದಕ್ಕೆ ಹೊಂದುವುದನ್ನೇ ತನ್ನಿ. ಹಾಗೆಯೇ ಮುಂಗಾಜಿನ ಬುಡದ ಗಾಳಿಕಿಂಡಿಗೆ ನೀರು ಸುರಿದು ಡ್ಯಾಶ್‌ಬೋರ್ಡ್ ಕೆಳಗೆ ಕೈಯಾಡಿಸಿ. ಒದ್ದೆಯಾದರೆ ಒಳಗೆ ತುಕ್ಕು ತಿಂದಿದೆ.