ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಚೇಂಬರ್‌ಗೆ ಕಲ್ಲು ಬಡಿದಿದೆ: ತಟ್ಟಿಸಲೋ, ಬದಲಿಸಲೋ?

ಪ್ರಶ್ನೆ (ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ): ಅಣ್ಣಾರೇ, ನನ್ನದು 2022ರ ಟೊಯೊಟಾ ಹೈಲಕ್ಸ್ ಪಿಕಪ್, ಆಟೋಮ್ಯಾಟಿಕ್, 85 ಸಾವಿರ ಕಿ.ಮೀ. ಓಡಿದೆ. ತೋಟದ ಒಡ್ಡು ದಾಟುವಾಗ ಗೇರ್‌ಬಾಕ್ಸ್ ಚೇಂಬರ್‌ಗೆ (ಕೆಳಗಿನ ಆಯಿಲ್ ತಟ್ಟೆಗೆ) ಕಲ್ಲು ಬಡಿದು ತಗ್ಗು ಬಿದ್ದಿದೆ. ಪ್ಯಾಕಿಂಗ್ ಅಂಚಿನಿಂದ ಕೆಂಪು ಆಯಿಲ್ ಜಿನುಗುತ್ತಿದೆ. ಮುಂಜಾನೆ ‘ಡಿ’ಗೆ (ಡ್ರೈವ್‌ಗೆ) ಹಾಕಿದರೆ ಒಂದು ಕ್ಷಣ ತಡೆದು ಹೊರಡುತ್ತದೆ. ಇಲ್ಲಿಯ ಮಿಸ್ತ್ರಿ ‘ಚೇಂಬರ್ ಬಿಚ್ಚಿ, ತಟ್ಟಿ, ಸಿಲಿಕಾನ್ ಹಚ್ಚಿ ಕೂರಿಸೋಣ, ಸಾಕು’ ಅಂತಾರೆ. ಫಿಲ್ಟರ್ ಬದಲಿಸಬೇಕಾ? ನಾವೇ ಮನೆಯಲ್ಲಿ ಮಾಡಿಕೊಳ್ಳಬಹುದಾ?

ಉತ್ತರ (ಬೆಳಗಾವಿ, ಆಟೋ ನಗರ, ಗೇರ್‌ಬಾಕ್ಸ್ ಕೆಲಸ): ತಟ್ಟಿಸಬೇಡಿ ಸರ. ಸೋರುವುದು ಸಣ್ಣ ಮಾತು. ಚೇಂಬರ್ ತಳಕ್ಕೂ ಫಿಲ್ಟರ್ ಬಾಯಿಗೂ ನಡುವೆ ಇರುವ ಸಂದು ಬಹಳ ಕಡಿಮೆ. ತಗ್ಗು ಮೇಲಕ್ಕೆ ಎದ್ದರೆ ಆ ಸಂದು ಮುಚ್ಚುತ್ತದೆ, ಪಂಪ್‌ಗೆ ಆಯಿಲ್ ಸಿಗುವುದಿಲ್ಲ. ನಿಮ್ಮ ಬಾವಿ ಮೋಟಾರಿನ ಫುಟ್‌ವಾಲ್ವ್ ಗಾಳಿ ಎಳೆದರೆ ಮೋಟಾರ್ ತಿರುಗುತ್ತದೆ, ನೀರು ಬರುವುದಿಲ್ಲ, ಅಲ್ವಾ? ಇಲ್ಲಿಯೂ ಅದೇ. ‘ಡಿ’ಗೆ ಹಾಕಿದಾಗ ತಡೆಯುವುದಕ್ಕೆ ಆಯಿಲ್ ಕಮ್ಮಿ ಆಗಿರುವುದೋ ಗಾಳಿ ಎಳೆಯುವುದೋ ಕಾರಣ ಇರಬಹುದು. ಅದು ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ. ಒಳಗಿನ ಕ್ಲಚ್ ಪ್ಲೇಟ್‌ಗಳು ಸುಟ್ಟರೆ ಚೇಂಬರ್ ಖರ್ಚು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹೊಸ ಚೇಂಬರ್, ಹೊಸ ಪ್ಯಾಕಿಂಗ್, ಹೊಸ ಫಿಲ್ಟರ್, ಅದರ ಓ ರಿಂಗ್ (ರಬ್ಬರ್ ಬಳೆ), ಟೊಯೊಟಾ ಡಬ್ಲ್ಯೂಎಸ್ ಆಯಿಲ್. ಇಷ್ಟು ಕೈಯಲ್ಲಿ ಇಟ್ಟುಕೊಂಡೇ ಬೋಲ್ಟ್ ಮುಟ್ಟಿ. ಬೇರೆ ಕೆಂಪು ಆಯಿಲ್ ಬೇಡ. ಬಣ್ಣ ಒಂದೇ ಇದ್ದರೂ ಗುಣ ಬೇರೆ.

ಮೊದಲು ಪಕ್ಕದಲ್ಲಿರುವ ಆಯಿಲ್ ತುಂಬುವ ಬೋಲ್ಟ್ ಸಡಿಲಾಗುತ್ತಾ ನೋಡಿ. ಆಮೇಲೆ ಕೆಳಗಿನದು ಬಿಚ್ಚಿ. ಆಯಿಲ್ ಎಲ್ಲಾ ಇಳಿಸಿದ ಮೇಲೆ ಮೇಲಿನ ಬೋಲ್ಟ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂತಿತು! ಇಳಿದ ಆಯಿಲ್ ಅಳೆದು ಇಡಿ, ಆದರೆ ಅದೇ ಪೂರ್ತಿ ಲೆಕ್ಕ ಅಂದುಕೊಳ್ಳಬೇಡಿ. ಒಂದಷ್ಟು ಸೋರಿ ಹೋಗಿದೆ, ಇನ್ನೊಂದಷ್ಟು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ, ಕೂಲರ್ ಪೈಪ್‌ನಲ್ಲಿ ಉಳಿದಿರುತ್ತದೆ.

ಫಿಲ್ಟರ್ ಬಿಚ್ಚಿದಾಗ ಹಳೆ ಓ ರಿಂಗ್ ಅದರ ಜೊತೆಗೇ ಬಂತಾ ನೋಡಿ. ಎಷ್ಟೋ ಸಲ ಮೇಲಿನ ತೂತಿನಲ್ಲೇ ಕಚ್ಚಿಕೊಂಡಿರುತ್ತದೆ. ಬೆರಳು ಆಡಿಸಿ ನೋಡಿ. ಅದರ ಮೇಲೆ ಹೊಸದು ಕೂರಿಸಿದರೆ ಸಂದಿನಿಂದ ಗಾಳಿ ಎಳೆಯುತ್ತದೆ. ಫಿಲ್ಟರ್ ಬೋಲ್ಟ್‌ಗಳ ಉದ್ದದಲ್ಲಿ ವ್ಯತ್ಯಾಸ ಇರಬಹುದು, ಯಾವುದು ಎಲ್ಲಿಯದು ಅಂತ ಗುರುತು ಇಟ್ಟುಕೊಳ್ಳಿ.

ಹಳೆ ಚೇಂಬರ್‌ನ ಅಯಸ್ಕಾಂತ ಒರೆಸಿ ಹೊಸದರಲ್ಲಿ ಅದೇ ಜಾಗಕ್ಕೆ ಇಡಿ. ಕೆಲವು ಚೇಂಬರ್‌ಗಳಲ್ಲಿ ಲೆವೆಲ್ ತೋರಿಸುವ ಸಣ್ಣ ನಿಂತ ಕೊಳವೆ ಇರುತ್ತದೆ, ಅದೂ ಹೊಸದಕ್ಕೆ ಬರಬೇಕು. ಸಿಲಿಕಾನ್ ಪೇಸ್ಟ್ ಬೇಡವೇ ಬೇಡ. ಪ್ಯಾಕಿಂಗ್ ಇದ್ದ ಕಡೆ ಪೇಸ್ಟ್ ಹಚ್ಚಿದರೆ ಒಳಗೆ ಹಿಂಡಿದ ತುಣುಕು ಹೋಗಿ ಫಿಲ್ಟರ್ ಬಾಯಿಗೇ ಕೂರುತ್ತದೆ. ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 7ರಿಂದ 10 ನ್ಯೂಟನ್ ಮೀಟರ್ ಸಾಕು, ನಿಮ್ಮ ಗಾಡಿಯ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ. ಚಕ್ರದ ನಟ್‌ಗೆ ಹಾಕುವ ಜೋರು ಇಲ್ಲಿ ಹಾಕಿದರೆ ಅಂಚು ಬಾಗಿ ಮತ್ತೆ ಸೋರುತ್ತದೆ.

ಇಷ್ಟು ಯಾರಾದರೂ ಮಾಡುತ್ತಾರೆ. ನಿಜವಾದ ಕೆಲಸ ಇರುವುದು ಲೆವೆಲ್ ಕೂರಿಸುವುದರಲ್ಲಿ. ಇದಕ್ಕೆ ಆಯಿಲ್ ಲೆವೆಲ್ ನೋಡುವ ಕಡ್ಡಿ ಇಲ್ಲ. ಗಾಡಿ ನಾಲ್ಕೂ ಕಡೆ ಸಮ ಇರಬೇಕು, ಅಂದರೆ ಪಿಟ್ ಅಥವಾ ರ‍್ಯಾಂಪ್ ಬೇಕು. ಮುಂದೆ ಜ್ಯಾಕ್ ಕೊಟ್ಟು ಎತ್ತಿದರೆ ಲೆಕ್ಕ ತಪ್ಪುತ್ತದೆ, ಬರೀ ಜ್ಯಾಕ್ ನಂಬಿ ಕೆಳಗೆ ಮಲಗುವುದು ಜೀವಕ್ಕೂ ಅಪಾಯ. ಮೇಲಿನ ಬೋಲ್ಟ್‌ನಿಂದ ಹೊಸ ಆಯಿಲ್ ತುಂಬಿದ ಮೇಲೆ ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ, ಗೇರ್ ಒಂದೊಂದಕ್ಕೂ ಹಾಕಿ ‘ಪಿ’ಗೆ (ಪಾರ್ಕ್‌ಗೆ) ತನ್ನಿ. ಆಯಿಲ್ ಎಷ್ಟು ಬಿಸಿಯಾಗಿದೆ ಅಂತ ಗಾಡಿಗೆ ಜೋಡಿಸುವ ಸ್ಕ್ಯಾನರ್‌ನಲ್ಲಿ ನೋಡುತ್ತಿರಿ. ಸುಮಾರು 40 ಡಿಗ್ರಿ ಆಸುಪಾಸಿನಲ್ಲಿ, ಮ್ಯಾನುಯಲ್ ಹೇಳಿದ ಮಿತಿಯೊಳಗೆ, ಎಂಜಿನ್ ನಿಲ್ಲಿಸದೆ ಕೆಳಗಿನ ಚೆಕ್ ಬೋಲ್ಟ್ ತೆಗೆಯಬೇಕು. ಧಾರೆ ನಿಂತು ತೊಟ್ಟಿಕ್ಕಲು ಶುರುವಾದಾಗ ಮುಚ್ಚಬೇಕು. ಏನೂ ಬರದಿದ್ದರೆ ಮೇಲಿನಿಂದ ಇನ್ನಷ್ಟು ಹಾಕಬೇಕು.

ತಣ್ಣಗಿದ್ದಾಗ ಅಂಚಿಗೆ ತುಂಬಿದರೆ ಬಿಸಿಯಾದ ಮೇಲೆ ಹಿಗ್ಗಿ ಜಾಸ್ತಿಯಾಗುತ್ತದೆ, ನೊರೆ ಏಳುತ್ತದೆ. ತೀರಾ ಬಿಸಿಯಲ್ಲಿ ನೋಡಿದರೆ ಬೇಕಾದ ಆಯಿಲೇ ಹೊರಗೆ ಹರಿದು ಕಮ್ಮಿ ಬೀಳುತ್ತದೆ. ನಮ್ಮ ಕಡೆ ಇದೇ ತೊಂದರೆ. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ನಿಂತ ಗಾಡಿಯ ಆಯಿಲ್ ಸ್ಟಾರ್ಟ್ ಮಾಡುವ ಮೊದಲೇ 40 ಮುಟ್ಟಿರುತ್ತದೆ. ಬೋಲ್ಟ್ ತೆಗೆಯುವಷ್ಟರಲ್ಲಿ ಮಿತಿ ದಾಟಿ ಹೋಗುತ್ತದೆ. ಬೆಳಗಿನ ಆರು, ಏಳಕ್ಕೆ ಇಟ್ಟುಕೊಳ್ಳಿ.

ಹಾಗಾಗಿ ಮನೆಯಲ್ಲಿ ಬೇಡ. ಪಿಟ್, ಸ್ಕ್ಯಾನರ್, ಸಣ್ಣ ಟಾರ್ಕ್ ಪಾನಾ (ಬಿಗಿ ಅಳೆಯುವ ಪಾನಾ) ಮೂರೂ ಇರುವ ಗ್ಯಾರೇಜ್ ವಿಜಯಪುರದಲ್ಲೇ ಹುಡುಕಿ. ಬೆಳಗಾವಿವರೆಗೆ ಓಡಿಸಿಕೊಂಡು ಬರಬೇಡಿ.

ಪ್ರಶ್ನೆ (ಅದೇ ಬೆಳೆಗಾರ): ಹಾಗಾದರೆ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಲಾ?

ಉತ್ತರ: ಅಯ್ಯೋ, ಬೇಡ! ಎಂಜಿನ್ ತಿರುಗಿದರೆ ಮಾತ್ರ ಗೇರ್‌ಬಾಕ್ಸ್ ಪಂಪ್ ತಿರುಗುತ್ತದೆ. ಎಳೆದಾಗ ಹಿಂದಿನ ಚಕ್ರದಿಂದ ಶಾಫ್ಟ್ ತಿರುಗುತ್ತದೆ, ಒಳಗೆ ಆಯಿಲ್ ಹರಿಯುವುದಿಲ್ಲ. ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್ ಲಾರಿಯಲ್ಲೇ ಕಳಿಸಿ.

ಪ್ರಶ್ನೆ (ಮುಧೋಳ): ಆಟೋಮ್ಯಾಟಿಕ್ ಆಯಿಲ್ ಜೀವಮಾನಪೂರ್ತಿ ಬರುತ್ತದೆ, ಮುಟ್ಟಬಾರದು ಅಂತಾರಲ್ಲ ಸರ? ಇನ್ನೊಬ್ಬರು ಮಷೀನ್ ಹಚ್ಚಿ ಪೂರ್ತಿ ಫ್ಲಶ್ ಮಾಡಿಸಿ ಅಂದರು.

ಉತ್ತರ: ಯಾರ ಜೀವಮಾನ ಅಂತ ಕೇಳಿ! ಕಬ್ಬಿನ ಸೀಜನ್‌ನಲ್ಲಿ ಲೋಡ್ ಹೊತ್ತು ಧೂಳಿನಲ್ಲಿ ಓಡುವ ಪಿಕಪ್‌ಗೆ 60ರಿಂದ 80 ಸಾವಿರ ಕಿ.ಮೀ. ಒಳಗೆ ಆಯಿಲ್, ಫಿಲ್ಟರ್ ಬದಲಿಸುವುದು ನನ್ನ ರೂಢಿ. ಫ್ಲಶ್ ನನಗೆ ಅಷ್ಟು ಸೇರುವುದಿಲ್ಲ. ಅದರಲ್ಲೂ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಬೇಡ. ಚೇಂಬರ್ ಇಳಿಸಿ ಬದಲಿಸಿ, ಕೆಲವು ಸಾವಿರ ಕಿ.ಮೀ. ಓಡಿಸಿ, ಇನ್ನೊಮ್ಮೆ ಇಳಿಸಿ ತುಂಬಿ.

ಪ್ರಶ್ನೆ (ಜಮಖಂಡಿ): ನಮ್ಮ ಬೊಲೆರೊ ಪಿಕಪ್ ಮ್ಯಾನುಯಲ್. ಅದಕ್ಕೂ ಫಿಲ್ಟರ್ ಉಂಟಾ?

ಉತ್ತರ: ಇಲ್ಲ. ಗೇರ್ ಆಯಿಲ್ ಬದಲಿಸಿದರೆ ಆಯಿತು.

ಮತ್ತೆ ತಿಕೋಟಾದಿಂದ: ವಿಜಯಪುರದ ಗ್ಯಾರೇಜ್‌ನಲ್ಲಿ ಚೇಂಬರ್ ಇಳಿಸಿದರು. ಅಯಸ್ಕಾಂತದ ಮೇಲೆ ಬೂದು ಬಣ್ಣದ ರಾಡಿ ಕೂತಿದೆ. ಫಿಲ್ಟರ್ ಬಾಯಿಯಲ್ಲಿ ತಗ್ಗಿನ ಗುರುತು ಕಾಣುತ್ತದೆ. ಗೇರ್‌ಬಾಕ್ಸ್ ಹೋಯಿತಾ? ಹಳೆ ಆಯಿಲ್ ಚಕ್ಕಡಿ ಅಚ್ಚಿಗೆ ಹಾಕಬಹುದು ಅಂತ ನಮ್ಮ ಕಾಕಾ ಕೇಳುತ್ತಿದ್ದಾರೆ.

ಉತ್ತರ: ರಾಡಿಯನ್ನು ಎರಡು ಬೆರಳಿನ ನಡುವೆ ಉಜ್ಜಿ. ವಿಭೂತಿಯಂತೆ ನುಣ್ಣಗಿದ್ದರೆ ಮಾಮೂಲಿ ಸವೆತ, ಹೆದರಬೇಡಿ. ಚುಚ್ಚುವ ಕಬ್ಬಿಣದ ಚೂರು ಸಿಕ್ಕರೆ, ಇಲ್ಲವೇ ತಳದಲ್ಲಿ ಹಿತ್ತಾಳೆ ಬಣ್ಣದ ಪುಡಿ ಹೊಳೆದರೆ, ಹೊಸ ಆಯಿಲ್ ಹಾಕುವ ಮೊದಲು ನನಗೆ ಫೋಟೋ ಕಳಿಸಿ. ಅಂಥ ಗೇರ್‌ಬಾಕ್ಸ್‌ಗೆ ಆಯಿಲ್ ಹಾಕುವುದು ಸುಮ್ನೆ ದುಡ್ಡು ದಂಡ. ಕಾಕಾ ಅವರಿಗೆ ಹೇಳಿ, ಇದು ತೆಳು ಆಯಿಲ್, ಅಚ್ಚಿನಲ್ಲಿ ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಅಚ್ಚಿಗೆ ಗ್ರೀಸೇ ಹಚ್ಚಲಿ. ಇದನ್ನು ಡಬ್ಬಿಗೆ ತುಂಬಿ ಗ್ಯಾರೇಜ್‌ನಲ್ಲೇ ಬಿಡಿ, ಹೊಲದ ಕಾಲುವೆಗೆ ಸುರಿಯಬೇಡಿ.