ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕೋಣ ಅಂತಿದ್ದೇನೆ, ಕ್ಲೋನ್ ಮಾಡಲಾ, ಹೊಸದಾಗಿ ವಿಂಡೋಸ್ ಹಾಕಲಾ?

ನಿಧಾನಿ: ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಟೀ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಯಾವಾಗಲೂ 100%, ಮೆಮೊರಿ ಮಾತ್ರ ಅರ್ಧ ಖಾಲಿ. ಎಸ್ಎಸ್‌ಡಿ ಹಾಕಿದರೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತಾ? ಇರುವುದನ್ನೆಲ್ಲ, ವಿಂಡೋಸ್ ಸಮೇತ, ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡುವ ಆಸೆ. ವಿಂಡೋಸ್ ಲೈಸೆನ್ಸ್ ಹೋಗಿಬಿಡುತ್ತೆ ಅಂತ ಒಬ್ಬರು ಹೆದರಿಸಿದ್ದಾರೆ.

ತಿರುಪುಳಿ: ಗೊತ್ತಾಗುತ್ತೆ, ಮೊದಲ ಸಲ ಆನ್ ಮಾಡಿದಾಗಲೇ. ಮೆಮೊರಿ ಖಾಲಿ ಇದ್ದು ಡಿಸ್ಕ್ ಮಾತ್ರ 100% ಇದ್ದರೆ ರ‍್ಯಾಮ್ ಜಾಸ್ತಿ ಮಾಡಿ ಏನೂ ಪ್ರಯೋಜನವಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಸಣ್ಣ ಫೈಲಿಗೂ ಓದುವ ಹೆಡ್ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು, ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಫೈಲ್‌ಗಳನ್ನು ಓದುತ್ತದೆ. ಎಸ್ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ನ ಡ್ರೈವ್, ಅದರಲ್ಲಿ ಆ ಕಾಯುವಿಕೆಯೇ ಇಲ್ಲ. ಬಾಕ್ಸ್ ಮೇಲೆ ಬರೆಯುವ ಸೆಕೆಂಡಿಗೆ 550 ಎಂಬಿ ವೇಗ ಎಲ್ಲ ಆಮೇಲಿನ ಮಾತು.

ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ಸರ್ವಿಸ್ ಮ್ಯಾನ್ಯುಯಲ್ ನೋಡಿ. 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್‌ನ ಜಾಗದಲ್ಲೇ ಕೂರುವ ಬಗೆ) ಆದರೆ ತಲೆನೋವಿಲ್ಲ. ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್ಎಸ್‌ಡಿ ಕೂರುವ ಜಾಗ) ಇದ್ದರೆ ಹುಷಾರು, ನೋಡಲು ಒಂದೇ ತರ ಇದ್ದರೂ ಕೆಲವು ಸ್ಲಾಟ್ ಸಾಟಾ ಮಾತ್ರ ತೆಗೆದುಕೊಳ್ಳುತ್ತವೆ, ಇನ್ನೊಂದು ಬಗೆಯಾದ ಎನ್‌ವಿಎಂಇ ಹಾಕಿದರೆ ಡ್ರೈವ್ ಕಾಣುವುದೇ ಇಲ್ಲ.

ಬೂಟ್‌ಬಾಬು: ಕ್ಲೋನ್‌ಗೆ ಕೈಹಾಕುವ ಮೊದಲು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿ, 05 (ಕೆಟ್ಟು ಬದಲಾಯಿಸಿದ ಸೆಕ್ಟರ್) ಮತ್ತು ಸಿ5 (ಓದಲಾಗದೆ ಬಾಕಿ ಉಳಿದ ಸೆಕ್ಟರ್) ಸಾಲುಗಳಲ್ಲಿ ಏನಿದೆ ಹೇಳಿ, ಸೆಕ್ಟರ್ ಅಂದರೆ ಡೇಟಾ ಇಡುವ ಸಣ್ಣ ತುಂಡು. ಎಲ್ಲರೂ ಬಿಡುವುದು ಈ ಹೆಜ್ಜೆಯನ್ನೇ.

ನಿಧಾನಿ: 05 ಸೊನ್ನೆ. ಸಿ5 ಎದುರು ಕೊನೆಯಲ್ಲಿ 18 ಅಂತಿದೆ, ಮೇಲೆ ಹಳದಿ ಬಣ್ಣ. 18 ಅಂದ್ರೆ ಕಮ್ಮಿ ಅಲ್ವಾ?

ಬೂಟ್‌ಬಾಬು: ಆ ಸಾಫ್ಟ್‌ವೇರ್ ಕೊನೆಯ (ರಾ) ಸಂಖ್ಯೆಯನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ನಿಮ್ಮ 18 ಅಂದರೆ 24. ಅಷ್ಟು ಸೆಕ್ಟರ್‌ಗಳನ್ನು ಓದಲು ಹೋಗಿ ಡಿಸ್ಕ್ ತಡವರಿಸಿದೆ. ಕ್ಲೋನ್ ಬೇಡ. ಅದು ಡಿಸ್ಕನ್ನು ಗಂಟೆಗಟ್ಟಲೆ ಬಿಡದೆ ಓದಿಸುತ್ತದೆ, ಸುಸ್ತಾದ ಡಿಸ್ಕ್ ಮಧ್ಯದಲ್ಲೇ ಕೈಕೊಡಬಹುದು, ಕೆಟ್ಟ ಸೆಕ್ಟರ್‌ನಲ್ಲಿದ್ದ ಫೈಲ್ ಹೊಸ ಡ್ರೈವ್‌ಗೂ ಹಾಳಾಗಿಯೇ ಬರಬಹುದು. ಇವತ್ತೇ ಫೋಟೋ, ಡಾಕ್ಯುಮೆಂಟ್ ಬೇರೆ ಕಡೆ ಕಾಪಿ ಮಾಡಿ, ಮೊದಲು ಮುಖ್ಯವಾದದ್ದು, ಸಿನಿಮಾ ಎಲ್ಲ ಕೊನೆಗೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಹಳೇ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿದರೂ ತೆರೆಯಲ್ಲ.

ತಿರುಪುಳಿ: ಒಪ್ಪಿದೆ. ಡಿಸ್ಕ್ ಗಟ್ಟಿಯಾಗಿದ್ದರೆ ನಾನು ಕ್ಲೋನ್ ಪಕ್ಷವೇ, ಇದಕ್ಕೆ ಬೇಡ. ಲೈಸೆನ್ಸ್ ಚಿಂತೆ ಬಿಡಿ. ವಿಂಡೋಸ್ 10 ಅಥವಾ 11 ಡಿಜಿಟಲ್ ಲೈಸೆನ್ಸ್‌ನಲ್ಲಿದ್ದರೆ ಅದು ಹೆಚ್ಚಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್‌ಗಲ್ಲ. ಪೆನ್‌ಡ್ರೈವ್‌ನಿಂದ ಹೊಸದಾಗಿ ವಿಂಡೋಸ್ ಹಾಕುವಾಗ ಕೀ ಕೇಳಿದರೆ ನನ್ನ ಬಳಿ ಇಲ್ಲ ಅಂತ ಒತ್ತಿ, ಮೊದಲಿದ್ದ ಎಡಿಷನ್ನೇ ಆರಿಸಿ, ಹೋಮ್ ಇದ್ದರೆ ಹೋಮ್. ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಬಿಚ್ಚುವಾಗ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ. ಆಮೇಲೆ ಡಿಸ್ಕನ್ನು ಮೇಲಕ್ಕೆ ಎತ್ತಬೇಡಿ, ಕನೆಕ್ಟರ್‌ನಿಂದ ಪಕ್ಕಕ್ಕೆ ಜಾರಿಸಿ. ಸುತ್ತ ಇರುವ ತಗಡಿನ ಚೌಕಟ್ಟು ಬಿಸಾಡಬೇಡಿ, ಹೊಸದನ್ನು ಅದರಲ್ಲೇ ಕೂರಿಸಬೇಕು. ಹಳೆಯದು 9.5 ಮಿಮೀ ದಪ್ಪ ಇದ್ದು ಹೊಸದು 7 ಇದ್ದರೂ ಸ್ಕ್ರೂ ತೂತುಗಳು ಹೊಂದುತ್ತವೆ.

ನಿಧಾನಿ: ಕಾಪಿ ಶುರು ಮಾಡಿದೆ, ಒಂದು ಫೋಲ್ಡರ್‌ನಲ್ಲಿ ಆಗಲೇ ನಿಂತು ನಿಂತು ಹೋಗ್ತಿದೆ. ಎಸ್ಎಸ್‌ಡಿ ಹಾಕಿದ ಮೇಲೆ ಡಿಫ್ರ್ಯಾಗ್ ಮಾಡಬೇಕಾ? ಹಳೇ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಾ?

ಬೂಟ್‌ಬಾಬು: ಆ ಫೋಲ್ಡರ್ ಸದ್ಯ ಬಿಟ್ಟು ಮುಂದಿನದು ಕಾಪಿ ಮಾಡಿ, ಕೊನೆಯಲ್ಲಿ ವಾಪಸ್ ಬನ್ನಿ. ಚದುರಿದ ಫೈಲ್ ತುಂಡುಗಳನ್ನು ಜೋಡಿಸುವ ಡಿಫ್ರ್ಯಾಗ್ ಬೇಡ, ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಎಸ್ಎಸ್‌ಡಿಗೆ ತಿಳಿಸುವುದು) ಅನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ. ಹಳೇ ಡಿಸ್ಕ್ ಬ್ಯಾಕಪ್‌ಗಂತೂ ಖಂಡಿತ ಬೇಡ. ಎಲ್ಲ ಫೈಲ್ ಬಂದಿದೆ ಅಂತ ತೆರೆದು ನೋಡುವವರೆಗೆ ಫಾರ್ಮ್ಯಾಟ್ ಮಾಡದೆ ಡ್ರಾಯರ್‌ನಲ್ಲಿಡಿ, ಅಷ್ಟೇ.